ಸೆಲ್ ಬೆಳವಣಿಗೆ ನಿಂತರೆ ಆಂಟಿಬಾಡಿ ಯಾಕೆ ಜಾಸ್ತಿ ಬರುತ್ತದೆ?

[ಪರದೆಯಲ್ಲಿ: ಸಂಜೆ ಹಿಂಜವಡಿ ಸಿಗ್ನಲ್, ಸಾಲುಗಟ್ಟಿ ನಿಂತ ಕಂಪನಿ ಬಸ್ಸುಗಳು]

ನಮಸ್ಕಾರ. ಈ ಸಲದ ಪ್ರಶ್ನೆ ನಮ್ಮ ಪುಣೆಯಿಂದಲೇ ಬಂದಿದೆ. ಹಿಂಜವಡಿಯಲ್ಲಿ ಔಷಧ ತಯಾರಿಸುವ ಕಡೆ ಕೆಲಸ ಮಾಡುವ ಧಾರವಾಡದ ಹುಡುಗಿಯೊಬ್ಬಳು ಬರೆದಿದ್ದಾಳೆ: "ಟ್ಯಾಂಕಿನಲ್ಲಿ ಸೆಲ್‌ಗಳು ಚೆನ್ನಾಗಿ ಬೆಳೆಯುತ್ತಿರುವಾಗಲೇ ನಮ್ಮವರು ಉಷ್ಣತೆ ಇಳಿಸಿಬಿಡುತ್ತಾರೆ. ಸೆಲ್‌ಗಳು ಹೆಚ್ಚಾಗುವುದು ನಿಲ್ಲುತ್ತದೆ. ಆದರೆ ಒಂದೊಂದು ಸೆಲ್ ಕೊಡುವ ಆಂಟಿಬಾಡಿ ಮಾತ್ರ ಏರುತ್ತದೆ. ಇದೆಂಥ ಲೆಕ್ಕ?"

ಒಳ್ಳೇ ಪ್ರಶ್ನೆ. ಇದರ ಹಿಂದೆ ಇನ್ನೊಂದು ಪ್ರಶ್ನೆ ಇದೆ. ಸೆಲ್ ತನ್ನ ಬದುಕಿನ ಯಾವ ಹೊತ್ತಿನಲ್ಲಿ ಆಂಟಿಬಾಡಿ ಮಾಡುತ್ತದೆ?

ಬೇಸಿಕ್ಸ್ ಬೇಗ ಮುಗಿಸೋಣ. ಸೆಲ್‌ನ ಚಕ್ರದಲ್ಲಿ ನಾಲ್ಕು ಹಂತ. ಜಿ1, ಅಂದರೆ ಬೆಳೆಯುವ ಕಾಲ. ಎಸ್, ಡಿಎನ್‌ಎ ನಕಲಾಗುವ ಕಾಲ. ಜಿ2, ತಯಾರಿ. ಎಂ, ಒಂದು ಸೆಲ್ ಎರಡಾಗುವ ಕಾಲ. ಆಂಟಿಬಾಡಿ ಅಂದರೆ ದೇಹವು ರೋಗಾಣುಗಳನ್ನು ಎದುರಿಸಲು ಮಾಡುವ, ಎರಡು ದೊಡ್ಡ, ಎರಡು ಸಣ್ಣ ಸರಪಳಿ ಸೇರಿದ ಪ್ರೋಟೀನ್. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್, ಆಂಟಿಬಾಡಿ ಮಾಡುವ ಸೆಲ್ಲನ್ನು ಕ್ಯಾನ್ಸರ್ ಸೆಲ್ ಜೊತೆ ಬೆಸೆದು ಹೈಬ್ರಿಡೋಮಾ ಮಾಡಿದರು. 1984ರಲ್ಲಿ ನೊಬೆಲ್ ಬಂತು. ಇವತ್ತು ಔಷಧಕ್ಕೆ ಹೆಚ್ಚಾಗಿ ಬಳಸುವುದು ಚೈನೀಸ್ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ಬಂದ ಸಿಎಚ್‌ಒ ಸೆಲ್. ಎಲ್ಲೋ ಒಂದು ಇಲಿಯಂಥ ಪ್ರಾಣಿಯ ಸೆಲ್ 1950ರ ದಶಕದಿಂದ ಸಾಯದೆ ನಮ್ಮ ಔಷಧ ಮಾಡುತ್ತಾ ಕೂತಿದೆ, ಪಾಪ.

ಒಳ್ಳೇ ಸಿಎಚ್‌ಒ ಸೆಲ್ ಒಂದು ದಿನಕ್ಕೆ 20 ಪಿಕೊಗ್ರಾಂ ಆಂಟಿಬಾಡಿ ಕೊಡುತ್ತದೆ ಅಂದುಕೊಳ್ಳಿ. ಒಂದು ಗ್ರಾಮನ್ನು ಲಕ್ಷ ಕೋಟಿ ಚೂರು ಮಾಡಿದರೆ ಅದರಲ್ಲಿ 20 ಚೂರು. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಅಣುಗಳಲ್ಲಿ ಎಣಿಸಿ ನೋಡಿ. ದಿನಕ್ಕೆ ಸುಮಾರು 8 ಕೋಟಿ. ಸೆಕೆಂಡಿಗೆ 900ಕ್ಕೂ ಜಾಸ್ತಿ. ನಾನು "ನಮಸ್ಕಾರ" ಅನ್ನುವಷ್ಟರಲ್ಲಿ ಒಂದು ಸೆಲ್ 900 ಆಂಟಿಬಾಡಿ ಹೊರಗೆ ತಳ್ಳಿತ್ತು.

[ಪರದೆಯಲ್ಲಿ: ಸೆಲ್ ಎರಡಾಗುವ ಅನಿಮೇಶನ್, ನಿಧಾನಗತಿಯಲ್ಲಿ]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇಷ್ಟು ವೇಗದ ಕೆಲಸ ಎಂ ಹಂತದಲ್ಲಿ ಹೆಚ್ಚುಕಡಿಮೆ ನಿಂತೇಹೋಗುತ್ತದೆ.

ಅಣ್ಣತಮ್ಮಂದಿರು ಪಾಲಾಗುವ ದಿನ ಮನೆ ಹೇಗಿರುತ್ತದೆ ನೆನೆಸಿಕೊಳ್ಳಿ. ಅಟ್ಟದ ಮೇಲಿದ್ದ ಹಂಡೆ, ಕೊಪ್ಪರಿಗೆ, ಪರಾತ ಎಲ್ಲ ಅಂಗಳಕ್ಕೆ ಬಂದಿವೆ. ಪಂಚರು ಕೂತು ಎಣಿಸುತ್ತಿದ್ದಾರೆ. ಅವತ್ತು ಯಾರೂ ಒಲೆ ಹಚ್ಚುವುದಿಲ್ಲ. ಹಚ್ಚಿದರೂ ಬೇಯಿಸಲು ಪಾತ್ರೆ ಎಲ್ಲಿದೆ? ಸೆಲ್‌ನಲ್ಲೂ ಹೀಗೇ. ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡು ಗಂಟಾಗುತ್ತದೆ. ಅದರಿಂದ ಹೊಸ ಆರ್‌ಎನ್‌ಎ, ಅಂದರೆ ಪ್ರೋಟೀನ್ ಮಾಡಲು ಬೇಕಾದ ಚೀಟಿ, ಬರೆಯುವುದು ಬಹುತೇಕ ನಿಲ್ಲುತ್ತದೆ. ಪ್ರೋಟೀನ್ ತಯಾರಿ ಇಳಿಯುತ್ತದೆ. ಇನ್ನು ಗಾಲ್ಜಿ. ಆಂಟಿಬಾಡಿಗೆ ಸಕ್ಕರೆಯ ಬಾಲವನ್ನು ತಿದ್ದಿ ತೀಡಿ ಹೊರಗೆ ಕಳಿಸುವ ಅಂಗ ಇದು. ಎರಡೂ ಮಕ್ಕಳಿಗೆ ಸಮನಾಗಿ ಸಿಗಲಿ ಅಂತ ಸೆಲ್ ಇದನ್ನೇ ಸಣ್ಣ ಸಣ್ಣ ಚೂರಾಗಿ ಒಡೆದುಬಿಡುತ್ತದೆ. ನಮ್ಮಲ್ಲಿ ಪಂಚರು ಹಂಡೆಯನ್ನು ಕುಟ್ಟಿ ಪುಡಿ ಮಾಡಿ ಹಂಚಿದ್ದನ್ನು ಯಾರೂ ಕೇಳಿಲ್ಲ. ಇಲ್ಲಿ ಹಾಗೇ ಆಗುತ್ತದೆ. ವಿಚಿತ್ರ ಏನೆಂದರೆ, ಪಾಲು ಮುಗಿದ ಮೇಲೆ ಆ ಪುಡಿ ಎರಡೂ ಮನೆಯಲ್ಲಿ ತಾನಾಗಿ ಕೂಡಿಕೊಂಡು ಮತ್ತೆ ಹಂಡೆಯಾಗುತ್ತದೆ. ಅಲ್ಲಿಯವರೆಗೆ ಸರಕು ಸಾಗಣೆ ಬಂದ್.

ಹಾಗಾದರೆ ಉತ್ತರ ಸಿಕ್ಕಿತಾ? ಸೆಲ್ ಎರಡಾಗುವುದನ್ನು ನಿಲ್ಲಿಸಿದರೆ ಈ ಬಂದ್ ತಪ್ಪುತ್ತದೆ, ಅದಕ್ಕೇ ಆಂಟಿಬಾಡಿ ಜಾಸ್ತಿ. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಕೂಡುವುದಿಲ್ಲ. ಸಿಎಚ್‌ಒ ಸೆಲ್‌ನ ಪೂರ್ತಿ ಚಕ್ರಕ್ಕೆ ಸುಮಾರು 20 ಗಂಟೆ ಬೇಕು. ಅದರಲ್ಲಿ ಎಂ ಹಂತ ಸುಮಾರು ಒಂದು ಗಂಟೆ. ಅದು ಪೂರ್ತಿ ಸೊನ್ನೆಯಾದರೂ ನಷ್ಟ ನೂರಕ್ಕೆ ಐದು. ಇಷ್ಟು ದೊಡ್ಡ ನಾಟಕ, ಟ್ಯಾಂಕಿನ ಲೆಕ್ಕದಲ್ಲಿ ಚಿಲ್ಲರೆ.

ಉಳಿದ 19 ಗಂಟೆ ನೋಡಬೇಕು. ಇದನ್ನು ಜನ ಬಹಳ ಹಿಂದೆಯೇ ನೋಡಿದ್ದಾರೆ. 1969ರಲ್ಲಿ ಬ್ಯುಯೆಲ್ ಮತ್ತು ಫಾಹಿ, ಸೈನ್ಸ್ ಪತ್ರಿಕೆಯಲ್ಲಿ, ಮನುಷ್ಯನ ಲಿಂಫಾಯ್ಡ್ ಸೆಲ್‌ಗಳು, ಅಂದರೆ ರೋಗನಿರೋಧಕ ವ್ಯವಸ್ಥೆಯ ಸೆಲ್‌ಗಳು, ಆಂಟಿಬಾಡಿಯನ್ನು ಹೆಚ್ಚಾಗಿ ಜಿ1ರ ಕೊನೆ ಮತ್ತು ಎಸ್‌ನ ಶುರುವಿನಲ್ಲಿ ಮಾಡುತ್ತವೆ ಎಂದು ಬರೆದರು. ಆಮೇಲೆ ಹೈಬ್ರಿಡೋಮಾ ಮೇಲೆ ಕೆಲಸ ಮಾಡಿದವರ ಉತ್ತರಗಳು ಒಂದೇ ಥರ ಇಲ್ಲ. ಕೆಲವರಿಗೆ ಜಿ1, ಕೆಲವರಿಗೆ ಜಿ2.

ಯಾಕೆ ಈ ಗಲಾಟೆ? ಒಂದು ಕಾರಣ ವಿಧಾನದಲ್ಲೇ ಇದೆ. ಹಂತ ನೋಡಬೇಕಾದರೆ ಎಲ್ಲ ಸೆಲ್‌ಗಳನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಬೇಕು. ಅದಕ್ಕೆ ಡಿಎನ್‌ಎ ಕಟ್ಟಲು ಬೇಕಾಗುವ ಥೈಮಿಡಿನ್ ಎಂಬ ವಸ್ತುವನ್ನೇ ಜಾಸ್ತಿ ಹಾಕುತ್ತಾರೆ. ಆಗ ಡಿಎನ್‌ಎ ನಕಲು ನಿಲ್ಲುತ್ತದೆ. ಆದರೆ ಪ್ರೋಟೀನ್ ತಯಾರಿ ನಿಲ್ಲುವುದಿಲ್ಲ! ಸೆಲ್ ಉಬ್ಬುತ್ತಾ ಹೋಗುತ್ತದೆ. ಬಿಟ್ಟಾಗ ಓಡುವುದು ಮಾಮೂಲಿ ಸೆಲ್ ಅಲ್ಲ, ದಪ್ಪಗಾದ ಸೆಲ್. ಅದನ್ನು ಅಳೆದು "ಎಸ್ ಹಂತದಲ್ಲಿ ಹೀಗೆ" ಅಂದರೆ ನಾನಂತೂ ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ. ಸೆಲ್‌ಗಳನ್ನು ಕಾಡದೆ, ಡಿಎನ್‌ಎಗೆ ಬಣ್ಣ ಹಚ್ಚಿ, ಫ್ಲೋ ಸೈಟೋಮೀಟರ್‌ನಲ್ಲಿ ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ನೋಡುವುದು ನನಗೆ ಹೆಚ್ಚು ಒಪ್ಪಿಗೆ. ಜಿ1 ಸೆಲ್‌ನಲ್ಲಿ ಎಷ್ಟು ಬಣ್ಣವೋ ಜಿ2ರಲ್ಲಿ ಅದರ ಎರಡರಷ್ಟು.

ಇನ್ನೊಂದು ಕಾರಣ ಗಾತ್ರ. ಜಿ2 ಸೆಲ್ ಆಗತಾನೇ ಹುಟ್ಟಿದ ಸೆಲ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ದೊಡ್ಡದು. ಸೆಲ್ ಒಂದಕ್ಕೆ ಎಷ್ಟು ಆಂಟಿಬಾಡಿ ಅಂತ ತಲೆಲೆಕ್ಕ ಹಾಕಿದರೆ ಜಿ2 ಗೆಲ್ಲುತ್ತದೆ. ತೂಕಕ್ಕೆ ಹೋಲಿಸಿದರೆ ವ್ಯತ್ಯಾಸ ಬಹಳಷ್ಟು ಕರಗುತ್ತದೆ. ಸಿಎಚ್‌ಒ ಸೆಲ್‌ಗಳಲ್ಲಿ ಹಂತಕ್ಕಿಂತ ಗಾತ್ರವೇ ಮುಖ್ಯ ಅಂತ ಹೇಳುವ ಕೆಲಸಗಳೂ ಇವೆ. ನನ್ನ ಓಟು ಅದಕ್ಕೇ.

ಟೈಮ್ ಆಗ್ತಾ ಬಂತು, ಉಳಿದದ್ದು ಓಡಿಸಿಕೊಂಡು ಹೇಳುತ್ತೇನೆ.

[ಪರದೆಯಲ್ಲಿ: ಥರ್ಮಾಮೀಟರ್, 37ರಿಂದ 32ಕ್ಕೆ]

ಉಷ್ಣತೆಯನ್ನು 37 ಡಿಗ್ರಿಯಿಂದ 30–33ಕ್ಕೆ ಇಳಿಸಿದರೆ ತುಂಬಾ ಸೆಲ್‌ಗಳು ಜಿ1ರಲ್ಲಿ ನಿಂತುಬಿಡುತ್ತವೆ. ಹೊಸ ಸೆಲ್ ಕಟ್ಟುವ ಖರ್ಚು ಇಲ್ಲ. ಸಾವು ನಿಧಾನ. ಎಷ್ಟೋ ಸಲ ಆಂಟಿಬಾಡಿಯ ಆರ್‌ಎನ್‌ಎ ಕೂಡ ಜಾಸ್ತಿ ಹೊತ್ತು ಬಾಳುತ್ತದೆ. ಅಂದರೆ ಎಲ್ಲ ಶ್ರೇಯಸ್ಸನ್ನೂ ಜಿ1ಗೇ ಕೊಡುವಂತಿಲ್ಲ. 1998ರಲ್ಲಿ ಝೂರಿಚ್‌ನ ಫುಸೆನೆಗ್ಗರ್ ತಂಡ ಉಷ್ಣತೆ ಮುಟ್ಟದೆ, ಪಿ21, ಪಿ27 ಎಂಬ ಬ್ರೇಕ್ ಜೀನ್‌ಗಳಿಂದ ಸಿಎಚ್‌ಒ ಸೆಲ್‌ಗಳನ್ನು ನಿಲ್ಲಿಸಿತು. ಪ್ರತಿ ಸೆಲ್‌ಗೆ ಇಳುವರಿ ಹತ್ತು ಪಟ್ಟಿಗೂ ಜಾಸ್ತಿ ಏರಿತು. ಅಲ್ಲಿ ಅಳೆದದ್ದು ಆಂಟಿಬಾಡಿ ಅಲ್ಲ, ಬೇರೊಂದು ಪ್ರೋಟೀನ್, ಇದು ನೆನಪಿರಲಿ. ಸೋಡಿಯಂ ಬ್ಯುಟಿರೇಟ್ ಎಂಬ ರಾಸಾಯನಿಕ ಹಾಕಿದರೂ ಸೆಲ್ ನಿಲ್ಲುತ್ತದೆ, ಪ್ರಮಾಣ ಮೀರಿದರೆ ಸತ್ತೇಹೋಗುತ್ತದೆ. ಕೆಲವು ಸೆಲ್ ಲೈನ್‌ಗಳಿಗೆ, ಅಂದರೆ ಸೆಲ್ ವಂಶಗಳಿಗೆ, ತಂಪು ಮಾಡಿದರೂ ಏನೂ ಲಾಭವಿಲ್ಲ.

ಮತ್ತೆ, ಧಾರವಾಡದ ತಂಗಿ, ನಿಮ್ಮವರು ಮೊದಲ ದಿನವೇ ಯಾಕೆ ಇಳಿಸುವುದಿಲ್ಲ ಗೊತ್ತಾಯಿತಲ್ಲ? ಬೇಗ ಇಳಿಸಿದರೆ ಟ್ಯಾಂಕಿನಲ್ಲಿ ಸೆಲ್‌ಗಳೇ ಕಡಿಮೆ. ತಡ ಮಾಡಿದರೆ ದುಡಿಯುವ ದಿನಗಳು ಕಡಿಮೆ. ನಿಮ್ಮಲ್ಲಿ ಯಾವ ದಿನ ಇಳಿಸುತ್ತಾರೆ, ಕಾಮೆಂಟಿನಲ್ಲಿ ಬರೆಯಿರಿ. ಕಂಪನಿ ಗುಟ್ಟಾಗಿದ್ದರೆ ಬೇಡ, ಸುಮ್ನೆ ಒಂದು ಲೈಕ್ ಒತ್ತಿ.