ತಲೆ ಬಾಚಿಸಿಕೊಳ್ಳದ ಹುಡುಗಿ

ಎಲ್ಲರಿಗೂ ನಮಸ್ಕಾರ. ‘ಅನಾಥ ಮಕ್ಕಳ ಪುನರ್ವಸತಿ’ ಅಂತ ನನಗೆ ವಿಷಯ ಕೊಟ್ಟಿದ್ದಾರೆ. ಅಷ್ಟು ದೊಡ್ಡ ಮಾತು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ನಾನು ಬಾಲಕಿಯರ ಬಾಲಮಂದಿರದಲ್ಲಿ 12 ವರ್ಷ ಗೃಹಮಾತೆಯಾಗಿದ್ದವಳು. ಹುದ್ದೆಯ ಹೆಸರು ಚೆನ್ನಾಗಿದೆ, ಅಲ್ವಾ? ಮಾಡುತ್ತಿದ್ದ ಕೆಲಸ ಅಂದರೆ ಹೇನು ತೆಗೆಯುವುದು, ಜ್ವರ ಬಂದರೆ ಪಕ್ಕದಲ್ಲಿ ಕೂರುವುದು, ಯಾರ ಪೆನ್ಸಿಲ್ ಯಾರು ಕದ್ದರು ಅಂತ ಪಂಚಾಯ್ತಿ ಮಾಡುವುದು. ಹಾಗಾಗಿ ತಲೆಕೂದಲಿನಿಂದಲೇ ಶುರು ಮಾಡುತ್ತೇನೆ.

ಒಬ್ಬಳು ಹುಡುಗಿ, 9 ವರ್ಷ. ಹೆಸರು, ಊರು ಹೇಳುವುದಿಲ್ಲ, ಕೇಳಲೂಬೇಡಿ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಸಂಬಂಧಿಕರ ಮನೆ ಸೇರಿದ್ದಳು. ಅಲ್ಲಿ ಮುಸುರೆ ತಿಕ್ಕುವುದು, ನೀರು ಹೊರುವುದು, ಅವರ ಮಗು ಎತ್ತಿಕೊಳ್ಳುವುದು ಇವಳ ಪಾಲು. ತಪ್ಪಾದರೆ ಏಟು. ಅಕ್ಕಪಕ್ಕದವರಿಗೆಲ್ಲ ಗೊತ್ತಿತ್ತು. ‘ಪಾಪ, ಏನೋ ಅನ್ನ ಹಾಕ್ತಿದ್ದಾರಲ್ಲ’ ಅಂದುಕೊಂಡು ಸುಮ್ಮನಿದ್ದರು. ಈ ‘ಪಾಪ’ದಷ್ಟು ಕೆಲಸಕ್ಕೆ ಬಾರದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ.

ಕೊನೆಗೆ ಫೋನ್ ಮಾಡಿದ್ದು ಅವಳ ಕ್ಲಾಸ್ ಟೀಚರ್. ಮಾರ್ಚ್ ತಿಂಗಳ ಪರೀಕ್ಷೆ ದಿನ ಪೆನ್ಸಿಲ್ ಹಿಡಿಯಲಾಗದಷ್ಟು ಬೆರಳು ಊದಿತ್ತು. 1098, ಮಕ್ಕಳ ಸಹಾಯವಾಣಿ. ಇಲ್ಲಿರುವ ಟೀಚರುಗಳಿಗೆ, ಅಂಗನವಾಡಿಯವರಿಗೆ ಈ ನಂಬರ್ ಬಾಯಿಪಾಠ ಇರಲಿ. ಫೋನಿಗೆ ದುಡ್ಡು ಬೀಳುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಅಂಥ ಮಗುವನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರೆತರಬೇಕು. ಸಮಿತಿಯಲ್ಲಿ ಅಧ್ಯಕ್ಷರೊಬ್ಬರು, ಸದಸ್ಯರು ನಾಲ್ವರು. ಮಗು ಎಲ್ಲಿರಬೇಕು ಅಂತ ತೀರ್ಮಾನಿಸುವವರು ಅವರು. ಪೊಲೀಸರೂ ಅಲ್ಲ, ನಾವೂ ಅಲ್ಲ. ಮಂದಿರಕ್ಕೆ ಸೇರಿಸುವುದೇ ಮೊದಲ ದಾರಿ ಅಂತೇನಿಲ್ಲ. ನೋಡಿಕೊಳ್ಳುವವರು ಒಳ್ಳೆಯವರಿದ್ದು ದುಡ್ಡಿನದೇ ತೊಂದರೆ ಆದರೆ, ಮಿಷನ್ ವಾತ್ಸಲ್ಯ ಅನ್ನುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಕೊಡಿಸಲು ಅವಕಾಶ ಇದೆ. ಇವಳ ಮನೆಯಲ್ಲಿ ತೊಂದರೆ ದುಡ್ಡಿನದಾಗಿರಲಿಲ್ಲ. ‘ಸಾಕಿದವರು ನಾವು’ ಅಂತ ಸಂಬಂಧಿಕರು ಜಗಳಕ್ಕೇ ಬಂದರು. ಸಮಿತಿ ಒಪ್ಪಲಿಲ್ಲ. ಹುಡುಗಿ ನಮ್ಮಲ್ಲಿಗೆ ಬಂದಳು, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಎರಡು ಜತೆ ಬಟ್ಟೆ.

ಮಾರನೇ ದಿನ ಭಾನುವಾರ. ಭಾನುವಾರ ನಮ್ಮಲ್ಲಿ ಎಲ್ಲರಿಗೂ ತಲೆಸ್ನಾನ. ಸಾಲಾಗಿ ಕೂರಿಸಿ ಎಣ್ಣೆ ಹಚ್ಚುತ್ತಾ ಬಂದೆ. ಇವಳ ಹತ್ತಿರ ಕೈ ಚಾಚಿದ್ದೇ ತಡ, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಗೋಡೆಗೆ ಬೆನ್ನು ಹಚ್ಚಿದಳು. ಅಳಲಿಲ್ಲ, ಕೂಗಲಿಲ್ಲ. ಹೊಡೆಸಿಕೊಂಡು ರೂಢಿಯಾದ ಎಷ್ಟೋ ಮಕ್ಕಳು ಸದ್ದೇ ಮಾಡುವುದಿಲ್ಲ. ಸದ್ದು ಮಾಡಿದರೆ ಇನ್ನೊಂದು ಬೀಳುತ್ತದೆ ಅಂತ ಕಲಿತಿರುತ್ತಾರೆ. ಆಮೇಲೆ ನೋಡಿದೆ, ಬಲಗಿವಿಯ ಮೇಲೆ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಜಾಗದಲ್ಲಿ ಕೂದಲೇ ಇಲ್ಲ. ಹಿಡಿದು ಎಳೆದಾಡುತ್ತಿದ್ದ ಜಾಗ.

ತಲೆ ತುಂಬ ಹೇನು ಬೇರೆ. ಹತ್ತು ಮಕ್ಕಳು ಒಟ್ಟಿಗೆ ಮಲಗುವ ಕೋಣೆ. ‘ಬೋಳಿಸಿಬಿಡೋಣ, ಎಲ್ಲರಿಗೂ ಹತ್ತುತ್ತೆ’ ಅಂದರು ಜತೆಯವರು. ಅವರು ಹೇಳಿದ್ದೂ ಸುಳ್ಳಲ್ಲ. ಆದರೆ ಹಿಡಿದು ಬೋಳಿಸುವುದಕ್ಕೂ ಹಿಡಿದು ಎಳೆಯುವುದಕ್ಕೂ ಆ ಮಗುವಿಗೆ ಏನು ವ್ಯತ್ಯಾಸ ಗೊತ್ತಾಗುತ್ತದೆ? ಒಂದು ವಾರ ಟೈಮ್ ಕೊಡಿ ಅಂದೆ. ಹಾಸಿಗೆ ಬೇರೆ ಹಾಕಿದೆವು. ದಿಂಬಿನ ಕವರು ದಿನಾ ಬಿಸಿನೀರಿಗೆ ಹಾಕಿದೆವು. ಹೇನಿನ ಬಾಚಣಿಗೆ ಅವಳ ಕೈಗೇ ಕೊಟ್ಟೆ. ‘ನೀನೇ ಬಾಚ್ಕೋ ಪುಟ್ಟಿ, ನಾನು ಸುಮ್ನೆ ಕನ್ನಡಿ ಹಿಡ್ಕೊಂಡಿರ್ತೀನಿ.’ ಅವತ್ತಿಂದ ದಿನಾ ಸಂಜೆ ಅದೇ ಕೆಲಸ. ನಾನು ಕನ್ನಡಿ ಹಿಡಿದು ಕೂರುವುದು, ಅವಳು ಎದುರಿಗೆ ಕೂತು ಬಾಚಿಕೊಳ್ಳುವುದು. ಮಾತಿಲ್ಲ ಕಥೆಯಿಲ್ಲ. ಒಂದು ವಾರ ಅಂದದ್ದು ನಾಲ್ಕು ತಿಂಗಳು ನಡೆಯಿತು. ಮಧ್ಯೆ ಒಂದೊಂದು ಸಲ ‘ನಾನು ಬಾಚಲಾ?’ ಅಂತ ಕೇಳುತ್ತಿದ್ದೆ. ‘ಬೇಡ’ ಅನ್ನುತ್ತಿದ್ದಳು. ಆಯ್ತು ಅಂದು ಸುಮ್ಮನಾಗುತ್ತಿದ್ದೆ. ನಾನು ಏನೂ ಮಾಡ್ತಿಲ್ಲವಲ್ಲ ಅಂತ ನಮ್ಮ ಕೌನ್ಸೆಲರ್ ಹತ್ತಿರ ಬೇಜಾರು ಮಾಡಿಕೊಂಡೆ. ಅವರು ನಕ್ಕರು. ‘ಅವಳು ಬೇಡ ಅಂದ್ರೆ ನಿಮ್ಮ ಕೈ ನಿಲ್ಲುತ್ತೆ. ಇದು ಆ ಮಗೂಗೆ ಹೊಸದು. ನೀವು ಮುಂದುವರಿಸಿ’ ಅಂದರು.

ಊಟ, ಬಟ್ಟೆ, ಹಾಸಿಗೆ ಸರ್ಕಾರದಿಂದ ಬರುತ್ತದೆ. ‘ಬೇಡ’ ಅನ್ನುವ ಧೈರ್ಯ ಯಾವ ಬೇಡಿಕೆ ಪಟ್ಟಿ ಬರೆದು ಕಳಿಸಿದರೂ ಬರುವುದಿಲ್ಲ.

ಮಂದಿರ ಅಂದ ತಕ್ಷಣ ಮಗು ಸುರಕ್ಷಿತ ಅಂದುಕೊಳ್ಳಲೂಬೇಡಿ. ಬಿಹಾರದ ಮುಜಫ್ಫರ್‌ಪುರದಲ್ಲಿ ಹೆಣ್ಣುಮಕ್ಕಳ ಆಶ್ರಯಧಾಮದೊಳಗೇ ದೌರ್ಜನ್ಯ ನಡೆದದ್ದು 2018ರಲ್ಲಿ ಹೊರಗೆ ಬಂತು. ಹೊರಗೆ ತಂದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ಮಾಡಿದ ಸೋಶಿಯಲ್ ಆಡಿಟ್, ಅಂದರೆ ಒಳಗಿರುವವರನ್ನೇ ಮಾತಾಡಿಸಿ ಮಾಡುವ ತಪಾಸಣೆ. ಕಡತ ನೋಡಿ ಸಹಿ ಹಾಕಿ ಹೋಗುವವರಿಗೆ ಇಂಥದ್ದು ಕಾಣುವುದಿಲ್ಲ. ಮಕ್ಕಳ ಮಾತು ಕೇಳಬೇಕು. ಮಕ್ಕಳಿಗೆ ಸಲಹಾ ಪೆಟ್ಟಿಗೆ ಇರಬೇಕು ಅಂತ ನಿಯಮವೇ ಇದೆ. ನಮ್ಮ ಪೆಟ್ಟಿಗೆ ತೆರೆದರೆ ಮುಕ್ಕಾಲು ಚೀಟಿ ‘ಉಪ್ಪಿಟ್ಟು ಬೇಡ’. ನಗು ಬರುತ್ತದೆ. ಆದರೆ ಉಪ್ಪಿಟ್ಟು ಬೇಡ ಅಂತ ಹೆದರದೆ ಬರೆದ ಮಗು, ಮುಂದೆ ಹೇಳಲೇಬೇಕಾದದ್ದು ಏನಾದರೂ ಇದ್ದರೆ ಅದನ್ನೂ ಬರೆದೀತು.

ಇನ್ನೊಂದು ಮಾತು, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಹುಟ್ಟುಹಬ್ಬಕ್ಕೆ ಮಂದಿರದಲ್ಲಿ ಊಟ ಹಾಕಿಸುತ್ತೀರಿ, ಸಂತೋಷ. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಇಂಥ ಮಕ್ಕಳ ಗುರುತು ಪ್ರಕಟಿಸುವುದು ಅಪರಾಧ, 6 ತಿಂಗಳವರೆಗೆ ಜೈಲು ಇದೆ. ಕಾನೂನು ಬಿಡಿ. ಹೋಳಿಗೆ ತಿನ್ನುವಾಗ ಯಾರಾದರೂ ಮೊಬೈಲ್ ಹಿಡಿದು ನಿಂತರೆ ನಿಮಗೆ ಗಂಟಲಲ್ಲಿ ಇಳಿಯುತ್ತದಾ?

ಜುಲೈ ಕೊನೆಯ ಒಂದು ಸಂಜೆ ಎಂದಿನಂತೆ ಕನ್ನಡಿ ಹಿಡಿದು ಕೂತಿದ್ದೆ. ಅವಳು ಎದುರಿಗೆ ಕೂರಲಿಲ್ಲ. ಬಾಚಣಿಗೆ ನನ್ನ ಮಡಿಲಿಗೆ ಹಾಕಿ, ಬೆನ್ನು ತಿರುಗಿಸಿ ಕೂತಳು. ‘ಆಗಸ್ಟ್ ಹದಿನೈದಕ್ಕೆ ನಮ್ದು ಡ್ಯಾನ್ಸ್ ಇದೆ ಆಂಟಿ. ಎರಡು ಜಡೆ ಹಾಕ್ಕೊಂಡು ಬರ್ಬೇಕಂತೆ. ನಂಗೆ ಬರುತ್ತಾ ನೋಡಿ.’ ಅಲ್ಲಿಯವರೆಗೆ ಅವಳ ಬಾಯಲ್ಲಿ ನಾಳೆಯ ಮಾತು ಕೂಡ ಕೇಳಿದವಳಲ್ಲ ನಾನು. ಇವಳು ಮುಂದಿನ ತಿಂಗಳಿಗೆ ಹೋಗಿಬಿಟ್ಟಿದ್ದಳು. ಬಲಗಿವಿಯ ಮೇಲೆ ಹೊಸ ಕೂದಲು ಬಂದಿತ್ತು, ಜಡೆಗೆ ಸಿಗುವಷ್ಟಿಲ್ಲ. ಎಣ್ಣೆ ಹಚ್ಚಿ ಒತ್ತಿ ಕೂರಿಸಿದೆ. ಕೆಂಪು ರಿಬ್ಬನ್ ಕಟ್ಟಿ ಕನ್ನಡಿ ಕೊಟ್ಟೆ. ಆ ಕಡೆ ಈ ಕಡೆ ತಿರುಗಿ ನೋಡಿಕೊಂಡಳು. ಮುಖ ಗಂಟಿಕ್ಕಿತು.

‘ಒಂದು ಮೇಲೆ, ಒಂದು ಕೆಳಗೆ ಆಗಿದೆ. ಬಿಚ್ಚಿ ಮತ್ತೆ ಹಾಕಿ.’

ಬಿಚ್ಚಿ ಮತ್ತೆ ಹಾಕಿದೆ.