ಸಂಕಲ್ಪಕ್ಕೊಂದು ಗೂಟ

ಕೇಳುಗರಿಗೆಲ್ಲ ನಮಸ್ಕಾರ.

ಊರಿಗೆ ವಾಪಸ್ ಬಂದವರಿಗೆ ನಮ್ಮ ಉಡುಪಿಯಲ್ಲಿ ಎರಡು ಪ್ರಶ್ನೆ ಕಾದಿರುತ್ತವೆ. ‘ಯಾವಾಗ ಬಂದದ್ದು?’ ‘ಯಾವಾಗ ಹೋಗುವುದು?’ ಇನ್ನು ಹೋಗುವುದಿಲ್ಲ, ಬಂದೇ ಆಯಿತು ಎಂದರೆ ಕೇಳಿದವರು ಸ್ವಲ್ಪ ಹೊತ್ತು ನಮ್ಮ ಮುಖ ನೋಡುತ್ತಾರೆ. ಏನೋ ಆಗಿರಬೇಕು, ಪಾಪ, ಎನ್ನುವ ಹಾಗೆ. ಮುಂಬಯಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಪಾಠ ಮಾಡಿ, ನಿವೃತ್ತಿಯಾಗಿ ನಾನು ಬಂದು 6 ವರ್ಷವಾಯಿತು. ರಥಬೀದಿಯಲ್ಲಿ ಈಗಲೂ ಯಾರಾದರೂ ಒಬ್ಬರು ‘ಯಾವಾಗ ಹೋಗುವುದು?’ ಎಂದು ಕೇಳುತ್ತಾರೆ.

ಇವತ್ತು ನಾನು ಮಾತಾಡುವುದು ನನ್ನಂಥವರ ಜೊತೆ. ಮುಂಬಯಿ, ಬೆಂಗಳೂರು, ದುಬೈ, ಮಸ್ಕತ್ ಬಿಟ್ಟು ಈ ವರ್ಷ ಊರಿಗೆ ಬಂದವರು. ಡಿಸೆಂಬರ್ ಕೊನೆಯಲ್ಲಿ ಹೊಸ ಡೈರಿ ಎದುರಿಗಿಟ್ಟುಕೊಂಡು ಕೂತವರು. ಅದರ ಮೊದಲ ಪುಟದಲ್ಲಿ ಏನಿದೆ ಅಂತ ನಾನು ಹೇಳಲಾ? ದಿನಾ ವಾಕಿಂಗ್. ಯೋಗ. ಹಿತ್ತಲಲ್ಲಿ ತರಕಾರಿ. ಸಕ್ಕರೆ ಕಮ್ಮಿ. ಬನ್ಸು, ಗೋಳಿಬಜೆ ಬಂದ್. ಮೊಮ್ಮಕ್ಕಳಿಗೆ ತುಳು ಕಲಿಸುವುದು. ಇಷ್ಟೇ ಅಲ್ವಾ?

ದಯವಿಟ್ಟು ಆ ಪುಟವನ್ನು ಮಡಚಿಡಿ.

ಸಂಕಲ್ಪ ಎಂಬುದು ದನ ಇದ್ದ ಹಾಗೆ. ಗೂಟಕ್ಕೆ ಕಟ್ಟಿದರೆ ನಿಮ್ಮದು, ಕಟ್ಟದಿದ್ದರೆ ಪಕ್ಕದ ಮನೆಯವರ ಗದ್ದೆಯಲ್ಲಿ. ಗೂಟ ಎಂದರೆ ಏನು? ನೀವು ಮನಸ್ಸು ಮಾಡದಿದ್ದರೂ ದಿನಾ ನಡೆದೇ ನಡೆಯುವ ಒಂದು ಕೆಲಸ. ಬೆಳಗಿನ ಕಾಫಿ. ಸಂಜೆ ದೇವರ ಎದುರು ದೀಪ ಇಡುವ ಹೊತ್ತು. ಗೇಟಿನ ಹತ್ತಿರ ನಿಲ್ಲುವ 8.30ರ ಬಸ್ಸು. ಹೊಸ ಸಂಕಲ್ಪವನ್ನು ಅದರ ಬೆನ್ನಿಗೆ ಕಟ್ಟಿ. ನನ್ನ ಹತ್ತಿರ ಸಲಹೆ ಕೇಳಲು ಬಂದವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ಗೂಟ ಯಾವುದು?

ಪೇಟೆಯಲ್ಲಿದ್ದಾಗ ಈ ಕಷ್ಟ ಇರಲಿಲ್ಲ. ಅಲ್ಲಿ ಗೂಟಗಳನ್ನು ಬೇರೆಯವರೇ ಹೊಡೆದಿಟ್ಟಿದ್ದರು. ಆಫೀಸು, ಲೋಕಲ್ ಟ್ರೈನು, ಮಕ್ಕಳ ಶಾಲೆಯ ಗಂಟೆ. ಊರಿಗೆ ಬಂದ ದಿನ ಎಲ್ಲ ಕಿತ್ತುಹೋಗುತ್ತವೆ. ಅಮೆರಿಕದ ಮನಃಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಸೇರುವ ವಿದ್ಯಾರ್ಥಿಗಳ ವ್ಯಾಯಾಮ, ಪೇಪರ್ ಓದು, ಟೀವಿ ನೋಡುವುದು, ಈ ಮೂರು ಅಭ್ಯಾಸ ಏನಾಯಿತು ಎಂದು ನೋಡಿದರು. 2005ರಲ್ಲಿ ಪ್ರಕಟವಾಯಿತು. ಹೊಸ ಜಾಗದಲ್ಲೂ ಸುತ್ತಮುತ್ತಲು ಹಳೆಯ ಹಾಗೇ ಇದ್ದರೆ ಅಭ್ಯಾಸ ಉಳಿಯಿತು. ಸುತ್ತಮುತ್ತಲು ಬದಲಾದರೆ ಕಳಚಿತು. ನೀವು ಸೋಮಾರಿಯಾದದ್ದಲ್ಲ ಮಾರಾಯ್ರೆ, ನಿಮ್ಮ ಗೂಟ ಹೋದದ್ದು.

ನನ್ನ ಭಾವನ ಕಥೆ ಹೇಳುತ್ತೇನೆ. ಅವರ ಅಪ್ಪಣೆ ಇದೆ.

ಭಾವ 34 ವರ್ಷ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದರು. ಮನೆಯಿಂದ ಸ್ಟೇಷನ್ನಿಗೆ 15 ನಿಮಿಷ ನಡಿಗೆ. ಸೇತುವೆ ಹತ್ತಿ ಇಳಿದು 8.17ರ ಲೋಕಲ್. ಆ ಕಡೆ ಇಳಿದು ಆಫೀಸಿಗೆ ಮತ್ತೆ 20 ನಿಮಿಷ. ಸಂಜೆ ಅದೇ ದಾರಿ. ಅದನ್ನು ಅವರು ಯಾವತ್ತೂ ವಾಕಿಂಗ್ ಎಂದು ಕರೆಯಲಿಲ್ಲ. ನಿವೃತ್ತಿಯಾಗಿ ಕೊಡವೂರಿನ ಕಡೆ ಹಿರಿಯರ ಮನೆಗೆ ಬಂದರು. ಮೊದಲು ಮಾಡಿದ ಕೆಲಸ, ಒಂದು ಸ್ಕೂಟರ್ ಕೊಂಡದ್ದು. ಹಾಲಿಗೆ ಸ್ಕೂಟರ್. ಕಟಿಂಗಿಗೆ ಸ್ಕೂಟರ್. ನಾಲ್ಕು ಮನೆ ಆಚೆಯ ಮುಂಜಿಗೂ ಸ್ಕೂಟರ್. ಒಂದು ವರ್ಷದಲ್ಲಿ ಪ್ಯಾಂಟಿನ ಗುಂಡಿ ಹಾಕಲಿಕ್ಕಾಗದೆ ಪಂಚೆಗೆ ಇಳಿದರು. ಊರಿನ ಸಂಸ್ಕೃತಿ ಎಂದು ಹೇಳಿಕೊಂಡರು.

ಜನವರಿ 1ಕ್ಕೆ ಸಂಕಲ್ಪ. ಒಟ್ಟು 11. ಅಕ್ಕ ಆ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿದ್ದಳು. ಮೊದಲನೆಯದು, ದಿನಾ ಬೆಳಿಗ್ಗೆ ಮಲ್ಪೆ ಬೀಚಿನಲ್ಲಿ 5 ಕಿಲೋಮೀಟರ್ ನಡಿಗೆ. ಅದಕ್ಕೆ ಹೊಸ ಶೂ ಬಂತು. ನಡೆಯಲಿಕ್ಕೆ ಬೀಚಿಗೆ ಹೋಗುವುದು ಹೇಗೆ? ಸ್ಕೂಟರಿನಲ್ಲಿ! 9 ದಿನ ಹೋದರು. ಹತ್ತನೆಯ ದಿನ ಪಕ್ಕದ ಮನೆಯಲ್ಲಿ ಹರಕೆಯ ಯಕ್ಷಗಾನ ಆಟ, ಬೆಳಗಿನವರೆಗೆ ಚೆಂಡೆ. ಮರುದಿನ ನಿದ್ದೆ. ಆಮೇಲೆ ಯಾರದೋ ಮದುವೆ. ಆ ವರ್ಷ ಪರ್ಯಾಯ ಬೇರೆ, ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಹಬ್ಬ. ಜನವರಿ 17ರ ರಾತ್ರಿಯಿಡೀ ಪೇಟೆಯಲ್ಲಿ ಸುತ್ತಿ, ಬೆಳಗಿನ ಜಾವ ಜೋಡುಕಟ್ಟೆಯಿಂದ ಹೊರಡುವ ಮೆರವಣಿಗೆ ನೋಡಿ, ಎರಡು ದಿನ ಮಲಗಿದರು. ಫೆಬ್ರವರಿಯಲ್ಲಿ ಅಕ್ಕ ಶೂ ತೆಗೆದು ನೋಡಿದರೆ ಒಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು.

ಅಕ್ಕ ನನಗೆ ಫೋನ್ ಮಾಡಿದಳು. ‘ನಿನ್ನ ಮನಃಶಾಸ್ತ್ರದಲ್ಲಿ ಇದಕ್ಕೆ ಮದ್ದು ಉಂಟಾ?’ ನಾನು ಭಾವನನ್ನೇ ಕೇಳಿದೆ. ‘ಭಾವ, ಏನೇ ಆದರೂ ನೀವು ತಪ್ಪಿಸದ ಕೆಲಸ ಯಾವುದು?’ ಅವರು ತುಂಬಾ ಹೊತ್ತು ಯೋಚಿಸಿದರು. ಧ್ಯಾನ ಎನ್ನುತ್ತಾರೋ ಏನೋ ಅಂದುಕೊಂಡೆ. ‘ಮೀನು’ ಅಂದರು.

ನಿಜ. ಮಧ್ಯಾಹ್ನ ಊಟಕ್ಕೆ ಮೀನಿಲ್ಲದಿದ್ದರೆ ಭಾವನಿಗೆ ಅದು ಊಟವಲ್ಲ. ಬುಟ್ಟಿ ಹೊತ್ತು ಬಾಗಿಲಿಗೆ ಬರುವ ಹೆಂಗಸಿನ ಹತ್ತಿರ ಕೊಳ್ಳುತ್ತಿದ್ದರು. ಗೂಟ ಸಿಕ್ಕಿತು. ಹೊಸ ನಿಯಮ ಮಾಡಿದೆವು. ಬೆಳಿಗ್ಗೆ 10 ಗಂಟೆಯವರೆಗೆ ಸ್ಕೂಟರಿನ ಕೀ ಅಕ್ಕನ ಕೈಯಲ್ಲಿ. ಮೀನು ಮಲ್ಪೆ ಬಂದರಿನಿಂದಲೇ ಬರಬೇಕು, ಭಾವ ಚೀಲ ಹಿಡಿದು ನಡೆದು ಹೋಗಿ ತರಬೇಕು. ಉಳಿದ 10 ಸಂಕಲ್ಪ ರದ್ದು. ‘ಇದು ಸಂಕಲ್ಪ ಅಲ್ಲ, ಶಿಕ್ಷೆ’ ಎಂದರು. ಆದರೆ ಹೋದರು. ಬಂಗುಡೆಯೋ ಬೂತಾಯಿಯೋ, ಏನಾದರೊಂದು ತಂದರು. ಬಾಗಿಲಿಗೆ ಬರುತ್ತಿದ್ದ ಹೆಂಗಸು ಸಿಟ್ಟಾಗಿ ಒಂದು ತಿಂಗಳು ಅಕ್ಕನ ಜೊತೆ ಮಾತು ಬಿಟ್ಟಳು, ಅದು ಬೇರೆ ವಿಷಯ. ಮಲ್ಪೆಯಲ್ಲಿ ಮಾತ್ರ ಭಾವನಿಗೆ ಗುರುತು ಜಾಸ್ತಿಯಾಯಿತು. ಒಂದು ದಿನ ತಪ್ಪಿದರೆ ಮೀನು ಮಾರುವವರು ‘ನಿನ್ನೆ ಎಲ್ಲಿ ಹೋದದ್ದು?’ ಎಂದು ಜೋರು ಮಾಡುತ್ತಿದ್ದರು. ಸೋಮವಾರ ಭಾವನ ಮನೆಯಲ್ಲಿ ಮೀನಿಲ್ಲ. ಆದರೂ ಬಂದರಿನವರೆಗೆ ಸುಮ್ನೆ ಹೋಗಿ ಬರತೊಡಗಿದರು. ನಮ್ಮ ಶಾಸ್ತ್ರದಲ್ಲಿ ಅಭ್ಯಾಸ ಎನ್ನುವುದು ಇದಕ್ಕೇ.

ಕಥೆ ಮುಗಿಯಲಿಲ್ಲ. ಜೂನ್ 1 ಬಂತು. ನಿಮಗೆ ಗೊತ್ತೇ ಇದೆ, ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯ ಮೀನು ಅಷ್ಟಿಷ್ಟು ಬರುತ್ತದೆ, ಅದರ ರೇಟು ಕೇಳಿದರೆ ಭಾವ ಅಲ್ಲೇ ಕುಸಿದು ಕೂರುತ್ತಾರೆ. ಮೇಲಿನಿಂದ ಮಳೆ. ಅಕ್ಕ ಅಟ್ಟದಲ್ಲಿ ತೂಗುಹಾಕಿದ್ದ ಸೌತೆಕಾಯಿ ಇಳಿಸಿ, ಹಲಸಿನ ಬೀಜ ಹಾಕಿ ಸಾಂಬಾರು ಶುರುಮಾಡಿದಳು. ಭಾವನ ಫೋನು ಬಂತು. ‘ನಿನ್ನ ಗೂಟವನ್ನು ಸರಕಾರ ಕಿತ್ತುಹಾಕಿತು.’

‘ಇನ್ನೊಂದು ಹೊಡೆಯಿರಿ’ ಎಂದೆ. ಭಾವನಿಗೆ ಪೇಪರಿಲ್ಲದೆ ಕಾಫಿ ಇಳಿಯುವುದಿಲ್ಲ. ಮನೆಗೆ ಹಾಕುತ್ತಿದ್ದ ಪೇಪರ್ ನಿಲ್ಲಿಸಿದೆವು. ಅಂಗಡಿ ಒಂದು ಕಿಲೋಮೀಟರ್ ದೂರ. ಕೊಡೆ ಹಿಡಿದು ಹೋಗುವುದು, ಪೇಪರನ್ನು ಅಂಗಿಯೊಳಗೆ ತುರುಕಿ ತರುವುದು. ನಮ್ಮದು ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ, ಅದರಲ್ಲಿ ದೊಡ್ಡ ಪಾಲು ಜೂನ್, ಜುಲೈಯಲ್ಲೇ. ಆ ಮಳೆಯಲ್ಲಿ ಭಾವ ದಿನಾ ನಡೆದರು. ಬೀಚು, ಶೂ, 5.30ರ ಅಲಾರಂ, ಇವುಗಳಿಂದ ಆಗದ್ದು ಕಾಫಿಯಿಂದ ಆಯಿತು. ಆಗಸ್ಟಿನಲ್ಲಿ ದೋಣಿಗಳು ಇಳಿದವು, ಭಾವ ಮತ್ತೆ ಮೀನಿಗೆ ಹೊರಟರು. ಪೇಪರನ್ನೂ ಬಿಡಲಿಲ್ಲ. ಈಗ ಎರಡು ಗೂಟ.

ಅಯ್ಯೋ, ಭಾವನೇ ಅರ್ಧ ಸಮಯ ತಿಂದರು. ಉಳಿದದ್ದನ್ನು ಬೇಗ ಹೇಳುತ್ತೇನೆ.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಮೊಬೈಲಿನಲ್ಲಿ ಬರುತ್ತದಲ್ಲ, ಅದನ್ನು ಮರೆತುಬಿಡಿ. ನನಗೆ ದಿನಾ ಒಬ್ಬರಾದರೂ ಅದನ್ನು ಕಳಿಸುತ್ತಾರೆ. ದಯವಿಟ್ಟು ಇನ್ನು ಕಳಿಸಬೇಡಿ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದವರಿಗೆ ಹೊಸ ಮುಖ ಅಭ್ಯಾಸವಾಗಲು ಕನಿಷ್ಠ 21 ದಿನ ಬೇಕು ಎಂದು 1960ರಲ್ಲಿ ಬರೆದರು. ಮುಖದ ಮಾತು ವಾಕಿಂಗಿಗೆ ಬಂತು! ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಎಂಬ ಸಂಶೋಧಕಿ 96 ಜನರನ್ನು ಇಟ್ಟುಕೊಂಡು ನಿಜವಾಗಿ ಅಳೆದರು. ಸುಮಾರು 66 ದಿನ. ಕೆಲವರಿಗೆ 18ರಲ್ಲೇ ಆಯಿತು, ಕೆಲವರಿಗೆ 254 ಬೇಕು ಎಂದು ಲೆಕ್ಕ ಬಂತು. ಜನವರಿ 1ಕ್ಕೆ ಹಿಡಿದರೆ 66 ಎಂದರೆ ಮಾರ್ಚ್ ಮೊದಲ ವಾರ, 254 ಎಂದರೆ ಚೌತಿಯ ಆಸುಪಾಸು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಎಂಬುದೂ ಅದರಲ್ಲೇ ಗೊತ್ತಾಯಿತು. ಆಟ ನೋಡಿ ಬಂದು ಮಲಗಿ. ಮರುದಿನ ಹೋಗಿ.

ಜನವರಿ ತಪ್ಪಿತು ಎಂದು ಡೈರಿ ಬಿಸಾಡಬೇಡಿ. ನಮಗೆ ಹೊಸ ವರ್ಷಕ್ಕೇನು ಬರವಾ? ಏಪ್ರಿಲ್ ನಡುವಿಗೆ ಬಿಸು ಬರುತ್ತದೆ. ಬೆಳಗ್ಗೆ ಎದ್ದು ಕಣಿ ನೋಡುವಾಗ, ಹಣ್ಣು ತರಕಾರಿ ಕನ್ನಡಿಯ ಜೊತೆ ಆ ಚೀಟಿಯನ್ನೂ ಇಡಿ. ಒಂದೇ ಸಾಲಿನ ಚೀಟಿ, ಅದರಲ್ಲಿ ಗೂಟದ ಹೆಸರಿರಬೇಕು. ಪರ್ಯಾಯವನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪೀಠ ಏರುವುದು ಒಂದು ದಿನದ ಕೆಲಸ. ಅದಕ್ಕೆ ಎಷ್ಟೋ ತಿಂಗಳು ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಊಟಕ್ಕೆ ಬೇಕಾದ ಬಾಳೆಗಿಡ ಮೊದಲು ಮಣ್ಣಿಗೆ, ಸೌದೆ ಮೊದಲು ರಥದ ಹಾಗೆ ಒಟ್ಟಿ ಆಗಿರುತ್ತದೆ. ನಾವು ಡಿಸೆಂಬರ್ 31ರ ರಾತ್ರಿ 11 ಗಂಟೆಗೆ ಸಂಕಲ್ಪ ಮಾಡಿ, ಬೆಳಿಗ್ಗೆ ಶೂ ಹುಡುಕುತ್ತೇವೆ.

ಹಣದ ವಿಷಯ ಒಂದೇ ಮಾತು. ಪಿಂಚಣಿ ಬರುವ ದಿನವೇ ಗೂಟ, ಉಳಿತಾಯ ಅವತ್ತೇ ಹೋಗಲಿ. ವಯಸ್ಸಾದ ಅಮ್ಮನ ಜೊತೆ ಜಾಸ್ತಿ ಹೊತ್ತು ಕೂರಬೇಕು ಎಂದು ಬರೆದಿದ್ದೀರಾ? ‘ಜಾಸ್ತಿ ಹೊತ್ತು’ ಅಳಿಸಿ. ಸಂಜೆಯ ಚಹಾ ಅವರ ಕೋಣೆಯಲ್ಲಿ ಎಂದು ಬರೆಯಿರಿ. ತುಳುವಾ? ಊಟಕ್ಕೆ ಬಡಿಸುವಾಗ ಮನೆಯಲ್ಲಿ ತುಳು ಮಾತ್ರ. ಅನ್ನ ಬೇಕಾದರೆ ಮೊಮ್ಮಗ ಕಲಿಯುತ್ತಾನೆ.

ಬನ್ಸಿನ ಬಗ್ಗೆ ಹೇಳಲಿಕ್ಕೆ ಸಮಯವಿಲ್ಲ, ಧೈರ್ಯವೂ ಇಲ್ಲ. ಭಾವನ ಹಳೆ ಪಟ್ಟಿಯಲ್ಲಿ ಅದು ಏಳನೆಯದಾಗಿತ್ತು. ಪೇಪರ್ ತರುವ ಅಂಗಡಿಯ ಪಕ್ಕದಲ್ಲೇ ಒಂದು ಹೋಟೆಲಿದೆ ಎಂದು ಮೊನ್ನೆ ಗೊತ್ತಾಯಿತು. ‘ರೇಡಿಯೋದಲ್ಲಿ ನನ್ನ ಕಥೆ ಹೇಳು, ಹೆಸರು ಮಾತ್ರ ಹೇಳಬೇಡ’ ಎಂದಿದ್ದಾರೆ. ಹೇಳಲಿಲ್ಲ. ಆ ಹೋಟೆಲಿನಲ್ಲಿ ಈಗ ರೇಡಿಯೋ ಹಾಕಿದ್ದರೆ, ಮೂಲೆಯ ಮೇಜಿನವರು ತಟ್ಟೆ ಸರಿಸಿದ್ದು ನಿಮಗೂ ಕಂಡೀತು.

ನಮಸ್ಕಾರ.