ಥೀಮ್ ಪಾರ್ಕಿನ ತೆರೆಮರೆ ನೋಡಲು 16 ತುಂಬಿರಬೇಕು, ಏಕೆ?

[ಪರದೆಯ ಮೇಲೆ: ವೀಕ್ಷಕರ ಪ್ರಶ್ನೆ]

ನಮಸ್ಕಾರ, ಮಡಿಕೇರಿಯಿಂದ ಈ ವಾರದ ವಿಡಿಯೋಗೆ ಸ್ವಾಗತ.

ಪ್ರಶ್ನೆ ಕಳುಹಿಸಿದವರು ಪೊನ್ನಂಪೇಟೆಯ ಒಬ್ಬ ತಾಯಿ. ಬೇಸಿಗೆ ರಜೆಗೆ ಫ್ಲಾರಿಡಾದಲ್ಲಿರುವ ತಮ್ಮನ ಮನೆಗೆ ಹೊರಟಿದ್ದಾರೆ. ಅಲ್ಲಿನ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಅವರ 14 ವರ್ಷದ ಮಗಳು ಎದೆ ನಡುಗಿಸುವ ರೋಲರ್ ಕೋಸ್ಟರ್ ಹತ್ತಬಹುದು, ಅಡ್ಡಿಯಿಲ್ಲ. ಆದರೆ ಅದೇ ಪಾರ್ಕಿನ ತೆರೆಮರೆಯನ್ನು ನಡೆದುಕೊಂಡು ನೋಡಿ ಬರಲು 16 ತುಂಬಿರಬೇಕು, ಫೋಟೋ ಇರುವ ಗುರುತಿನ ಚೀಟಿಯನ್ನೂ ತೋರಿಸಬೇಕು. ಭಯವಿರುವ ಕಡೆ ಬಿಡುತ್ತಾರೆ, ಬರೀ ನೋಡುವ ಕಡೆ ತಡೆಯುತ್ತಾರೆ. ಏಕೆ ಹೀಗೆ?

ಮೂಲ ವಿವರಗಳನ್ನು ಬೇಗ ಮುಗಿಸುತ್ತೇನೆ. ವಾಲ್ಟ್ ಡಿಸ್ನಿ ವರ್ಲ್ಡ್ ಹಲವು ಪಾರ್ಕುಗಳ ಸಮೂಹ. ಈ ಪಾರ್ಕಿನ ಹೆಸರು ಮ್ಯಾಜಿಕ್ ಕಿಂಗ್‌ಡಮ್, ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ರಂದು. ಪ್ರವಾಸದ ಹೆಸರು 'ಕೀಸ್ ಟು ದ ಕಿಂಗ್‌ಡಮ್'. ಸುಮಾರು ಐದು ಗಂಟೆಯ ನಡಿಗೆ. ಪಾರ್ಕಿನ ಟಿಕೆಟ್ ಬೇರೆ, ಇದರ ಶುಲ್ಕ ಬೇರೆ. ತೆರೆಮರೆಯಲ್ಲಿ ಫೋಟೋ ತೆಗೆಯುವಂತಿಲ್ಲ.

ಇನ್ನು ಆ ತೆರೆಮರೆಯಲ್ಲಿ ಇರುವುದೇನು? ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

[ದೃಶ್ಯ: ಪಾರ್ಕಿನ ಅಡ್ಡಕೊಯ್ತದ ರೇಖಾಚಿತ್ರ]

ಕ್ಯಾಲಿಫೋರ್ನಿಯಾದ ಮೊದಲ ಡಿಸ್ನಿಲ್ಯಾಂಡಿನಲ್ಲಿ ಒಬ್ಬ ಕೌಬಾಯ್ ವೇಷಧಾರಿ ತನ್ನ ಜಾಗಕ್ಕೆ ಹೋಗುವ ಆತುರದಲ್ಲಿ ಭವಿಷ್ಯದ ನಗರವಾದ 'ಟುಮಾರೋಲ್ಯಾಂಡ್' ನಡುವೆಯೇ ಹಾದುಹೋದದ್ದು ವಾಲ್ಟ್ ಡಿಸ್ನಿಯವರ ಕಣ್ಣಿಗೆ ಬಿದ್ದು, ಅವರಿಗೆ ಸರಿಬರಲಿಲ್ಲ ಎಂದು ಹೇಳುತ್ತಾರೆ. ಅದಕ್ಕೇ ಫ್ಲಾರಿಡಾದಲ್ಲಿ ಸಿಬ್ಬಂದಿಗೆಂದೇ ಕೆಳಗಡೆ ದಾರಿ ಮಾಡಿದರು. ಯುಟಿಲಿಡಾರ್ ಎಂದು ಕರೆಯುವ ಈ ಹಾದಿಗಳಲ್ಲಿ ಸಿಬ್ಬಂದಿಯ ಊಟದ ಕೋಣೆ, ಸಾಮಾನು ಸಾಗಿಸುವ ಬ್ಯಾಟರಿ ವಾಹನ ಎಲ್ಲವೂ ಇವೆ. ಮೇಲಿನ ಕಸವನ್ನು ಗಾಳಿಯ ಸೆಳೆತದಿಂದ ಗಂಟೆಗೆ ಸುಮಾರು 60 ಮೈಲಿ ವೇಗದಲ್ಲಿ ಎಳೆದೊಯ್ಯುವ ಕೊಳವೆಗಳೂ ಇಲ್ಲೇ ಹಾದುಹೋಗುತ್ತವೆ. ಆ ತಂತ್ರಜ್ಞಾನ ಬಂದದ್ದು ಸ್ವೀಡನ್‌ನಿಂದ.

ಆದರೆ ನಿಜವಾದ ಅಚ್ಚರಿ ಬೇರೆಯೇ ಇದೆ. ಅದು ನೆಲದಡಿಯ ಸುರಂಗವೇ ಅಲ್ಲ. ಫ್ಲಾರಿಡಾದಲ್ಲಿ ಸ್ವಲ್ಪ ಅಗೆದರೆ ನೀರು ಬರುತ್ತದೆ, ಆಳಕ್ಕೆ ಹೋಗುವಂತಿಲ್ಲ. ಆದ್ದರಿಂದ ಹಾದಿಗಳನ್ನು ನೆಲದ ಮಟ್ಟದಲ್ಲೇ ಕಟ್ಟಿ, ಎದುರಿನ ಕೃತಕ ಕೆರೆಯನ್ನು ತೋಡುವಾಗ ಸಿಕ್ಕ ಮಣ್ಣನ್ನು ಸುತ್ತ ತುಂಬಿ, ಅದರ ಮೇಲೆ ಪಾರ್ಕನ್ನು ನಿಲ್ಲಿಸಿದರು. ಅಂದರೆ ಪಾರ್ಕಿನ ಅರಮನೆಯ ಮುಂದೆ ನಿಂತ ಪ್ರವಾಸಿ ನಿಂತಿರುವುದು ಮೊದಲನೇ ಮಹಡಿಯಲ್ಲಿ. ದಾರಿ ಅಷ್ಟು ನಯವಾಗಿ ಏರುವುದರಿಂದ ಮೇಲೆ ಬಂದದ್ದೇ ಗೊತ್ತಾಗುವುದಿಲ್ಲ. ಗುಡ್ಡ ಕಡಿದು ಮಟ್ಟ ಮಾಡಿ ಮನೆ ಕಟ್ಟುವ ನಮಗೆ, ಬಯಲಿನಲ್ಲಿ ಗುಡ್ಡ ಮಾಡಿ ಅದರೊಳಗೆ ಓಣಿ ಬಿಟ್ಟವರ ಈ ಕೆಲಸ ನಿಜಕ್ಕೂ ದೊಡ್ಡದೆನಿಸುತ್ತದೆ. 1966ರಲ್ಲೇ ತೀರಿಕೊಂಡ ವಾಲ್ಟ್ ಡಿಸ್ನಿ ಇದನ್ನು ನೋಡಲಿಲ್ಲ.

ಇಷ್ಟು ಶ್ರಮ ಯಾವುದಕ್ಕಾಗಿ? ಮಗುವಿನ ಕಣ್ಣಿಗೆ ತಪ್ಪು ವೇಷ ತಪ್ಪು ಜಾಗದಲ್ಲಿ ಬೀಳಬಾರದು ಎಂಬುದಕ್ಕಾಗಿ. ಆ ಓಣಿಯಲ್ಲಿ ವೇಷದ ತಲೆಯನ್ನು ಕಂಕುಳಲ್ಲಿ ಹಿಡಿದು ನಡೆಯುವ ಪಾತ್ರಧಾರಿ ಎದುರಾಗಬಹುದು. ಅರ್ಧ ಗಂಟೆ ಮೊದಲು ಮೇಲೆ ತಬ್ಬಿಕೊಂಡು ಬಂದ ಗೆಳೆಯ ಹಾಗೆ ಕಂಡರೆ ಆರು ವರ್ಷದ ಮಗುವಿಗೆ ಏನು ಹೇಳುವುದು?

[ದೃಶ್ಯ: ವಿಜಯದಶಮಿ ರಾತ್ರಿಯ ದಶಮಂಟಪ]

ನಮ್ಮವರು ತಕ್ಷಣ ಕೇಳುವ ಮಾತು ನನಗೂ ಹೊಳೆಯಿತು. ಮಡಿಕೇರಿ ದಸರಾದ ಮಂಟಪಗಳನ್ನು ನಮ್ಮ ಮಕ್ಕಳು ಕಟ್ಟುವಾಗಲೇ ನೋಡುತ್ತಾರೆ. ಕೈ ಜೋಡಿಸದ ರಾಕ್ಷಸ, ಬಣ್ಣ ಒಣಗದ ದೇವಿ, ಹಿಂದೆ ಜನರೇಟರ್, ಕೆಳಗೆ ಟ್ರ್ಯಾಕ್ಟರ್. ಆದರೂ ನಡುರಾತ್ರಿ ಮಂಟಪ ಎದುರು ಬಂದು ರಾಕ್ಷಸ ಕತ್ತು ತಿರುಗಿಸಿದಾಗ ಅದೇ ಮಕ್ಕಳು ಅಪ್ಪನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ನೋಡಿದ್ದರಿಂದ ಬೆರಗು ಕಡಿಮೆಯಾಗಲಿಲ್ಲವಲ್ಲ?

ಆಗುವುದಿಲ್ಲ, ನಿಜ. ಆದರೆ ಮಂಟಪವನ್ನು ನಮ್ಮ ಬೀದಿಯ ಹುಡುಗರು ಕಟ್ಟಿದ್ದು ಎಂದು ನಾವೇ ಹೆಮ್ಮೆಯಿಂದ ಹೇಳುತ್ತೇವೆ. ಪಾರ್ಕಿನವರು ಮಗುವಿಗೆ ಹೇಳುವುದು, ಎದುರಿಗಿರುವುದು ನಿಜವಾದ ಮಿಕ್ಕಿ ಮೌಸೇ ಎಂದು. ಹಾಗೆ ಮಾತು ಕೊಟ್ಟ ಮೇಲೆ ಅದನ್ನು ಕಾಯಲೇಬೇಕು. ಈ ಮಿತಿ ಒಳಗೆ ಹೋಗುವವರ ಸಲುವಾಗಿ ಮಾತ್ರ ಇರುವುದಲ್ಲ. 14ರ ಅಕ್ಕ ಕಂಡದ್ದನ್ನು ಅಂದೇ ರಾತ್ರಿ 6ರ ತಂಗಿಯ ಕಿವಿಗೆ ಹಾಕುತ್ತಾಳೆ. ಐದು ಗಂಟೆಯ ನಡಿಗೆ, ವಾಹನ ಓಡಾಡುವ ಕೆಲಸದ ಜಾಗ, ಇವೂ ಲೆಕ್ಕಕ್ಕಿವೆ. ಆದರೂ 16 ತುಸು ಹೆಚ್ಚಾಯಿತು ಎಂಬುದು ನನ್ನ ಅಭಿಪ್ರಾಯ. ಕುತೂಹಲವಿರುವ 14ರ ಹುಡುಗಿ ಗುಟ್ಟು ಕಾಯಬಲ್ಲಳು.

ಗುರುತಿನ ಚೀಟಿಯ ಪ್ರಶ್ನೆ ಹುಟ್ಟುವುದೂ ಇಲ್ಲಿಂದಲೇ. ರೈಡಿನ ಬಾಗಿಲಲ್ಲಿ ಅಳತೆ ಕೋಲು ಇಟ್ಟಿರುತ್ತಾರೆ. ಸೀಟಿನ ಕಂಬಿ ಮೈಗೆ ಸರಿಯಾಗಿ ಕೂರಬೇಕು, ಅಷ್ಟಕ್ಕೆ ಎತ್ತರ ಗೊತ್ತಾದರೆ ಸಾಕು. ಡಿಸ್ನಿಯ ಅನಿಮಲ್ ಕಿಂಗ್‌ಡಮ್‌ನಲ್ಲಿ 'ವೈಲ್ಡ್ ಆಫ್ರಿಕಾ ಟ್ರೆಕ್' ಎಂಬ ಪ್ರವಾಸವಿದೆ. ಅಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು ತೂಗುಸೇತುವೆ ದಾಟಿಸುತ್ತಾರೆ. 8 ವರ್ಷ ತುಂಬಿದ್ದರೆ ಸಾಕು, ಆದರೆ ಎತ್ತರ ಕನಿಷ್ಠ 48 ಇಂಚು, ತೂಕ 45ರಿಂದ 300 ಪೌಂಡಿನೊಳಗೆ ಇರಬೇಕು. ಮೈಯನ್ನು ಕಾಯುವ ನಿಯಮಕ್ಕೆ ಕೋಲು, ತಕ್ಕಡಿ ಸಾಕು. ನಂಬಿಕೆಯನ್ನು ಕಾಯುವ ನಿಯಮಕ್ಕೆ ಹುಟ್ಟಿದ ದಿನಾಂಕವೇ ಬೇಕು, ಅದು ಇರುವುದು ಕಾಗದದಲ್ಲಿ.

[ದೃಶ್ಯ: ಪಾಸ್‌ಪೋರ್ಟಿನ ಮಾದರಿ ಪುಟ]

ನಮ್ಮ ಮಕ್ಕಳಿಗೆ ಆ ಕಾಗದ ಪಾಸ್‌ಪೋರ್ಟ್, ಅದೂ ಮೂಲ ಪ್ರತಿ. ಆಧಾರ್ ಅಲ್ಲಿನ ಕೌಂಟರಿನವರಿಗೆ ಪರಿಚಯವಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದು ತೊಡಕಿದೆ, ಗಮನವಿಟ್ಟು ನೋಡಿ. ಮಗು ಹುಟ್ಟಿದ್ದು 2010ರ ಮಾರ್ಚ್ 11 ಎಂದುಕೊಳ್ಳಿ. ನಮ್ಮ ಪಾಸ್‌ಪೋರ್ಟಿನಲ್ಲಿ ಅದು 11/03/2010. ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ, ಆದ್ದರಿಂದ ಅವರ ಕಣ್ಣಿಗೆ ಅದು ನವೆಂಬರ್ 3. 2026ರ ಮೇ ತಿಂಗಳಲ್ಲಿ ಕೌಂಟರಿನ ಮುಂದೆ ನಿಂತ ಈ ಮಗುವಿಗೆ 16 ತುಂಬಿ ಎರಡು ತಿಂಗಳಾಗಿದೆ. ಅವರ ಲೆಕ್ಕದಲ್ಲಿ ಇನ್ನೂ 15. ವಾದಕ್ಕೆ ಇಳಿಯಬೇಡಿ. ಅದೇ ಪುಸ್ತಕದಲ್ಲಿ ಅಮೆರಿಕದ ವೀಸಾ ಅಂಟಿಸಿರುವ ಪುಟ ತೆರೆಯಿರಿ. ಅಲ್ಲಿ ತಿಂಗಳನ್ನು ಅಂಕಿಯಲ್ಲಲ್ಲ, ಅಕ್ಷರದಲ್ಲಿ ಮುದ್ರಿಸಿರುತ್ತಾರೆ.

ಫೋಟೋದ ವಿಚಾರವೂ ಇದೆ. ಅಪ್ರಾಪ್ತರ ಪಾಸ್‌ಪೋರ್ಟಿನ ಅವಧಿ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು. 12ರಲ್ಲಿ ತೆಗೆದ ಮುಖ 16ರಲ್ಲಿ ಗುರುತೇ ಸಿಗದಿರಬಹುದು. 15 ದಾಟಿದವರು 10 ವರ್ಷದ ಪಾಸ್‌ಪೋರ್ಟ್ ಕೇಳಬಹುದು. ಅವಧಿ ಮುಗಿಯುತ್ತ ಬಂದಿದ್ದರೆ ಪ್ರಯಾಣಕ್ಕೆ ಮೊದಲೇ ಹೊಸದು ಮಾಡಿಸಿಕೊಳ್ಳುವುದು ಜಾಣತನ.

ಸಮಯ ಕಡಿಮೆ ಉಳಿದಿದೆ, ಇನ್ನುಳಿದ ಪ್ರಶ್ನೆಗಳನ್ನು ಒಟ್ಟಿಗೇ ಹೇಳಿಬಿಡುತ್ತೇನೆ.

14ರ ಮಗಳಿಗೆ ಏನೂ ಇಲ್ಲವೇ? ಇದೆ. ಎಪ್ಕಾಟ್ ಪಾರ್ಕಿನ 'ಬಿಹೈಂಡ್ ದ ಸೀಡ್ಸ್' ಪ್ರವಾಸಕ್ಕೆ ವಯಸ್ಸಿನ ಮಿತಿಯಿಲ್ಲ. ಹಸಿರುಮನೆಯಲ್ಲಿ ಮಣ್ಣಿಲ್ಲದೆ ಬೆಳೆಯುವ ಗಿಡಗಳನ್ನು ತೋರಿಸುತ್ತಾರೆ. ಅಲ್ಲಿ ಕಾಯಬೇಕಾದ ಗುಟ್ಟಿಲ್ಲ, ಆದ್ದರಿಂದ ತಡೆಯೂ ಇಲ್ಲ. ತೋಟದ ಮನೆಯ ಹುಡುಗಿಗೆ ಸುರಂಗಕ್ಕಿಂತ ಇದೇ ಹೆಚ್ಚು ಹಿಡಿಸಿದರೂ ಆಶ್ಚರ್ಯವಿಲ್ಲ.

ನಮ್ಮ ದೇಶದಲ್ಲಿ ವಯಸ್ಸಿಗೆ ಆಧಾರ್ ಸಾಕೇ? ಆಧಾರ್ ಗುರುತಿಗೆ ಆಧಾರ, ಹುಟ್ಟಿದ ದಿನಾಂಕಕ್ಕೆ ಅಲ್ಲ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಆಧಾರ್ ಬದಲು ಶಾಲಾ ವರ್ಗಾವಣೆ ಪತ್ರದ ದಿನಾಂಕವನ್ನೇ ಒಪ್ಪಿತು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗಂತೂ ಜನನ ಪ್ರಮಾಣಪತ್ರವೇ ಮುಖ್ಯ, ಜೋಪಾನವಾಗಿಡಿ.

ಚೀಟಿ ತೋರಿಸುವುದು ಬೇರೆ, ಜೆರಾಕ್ಸ್ ಕೊಡುವುದು ಬೇರೆ. ಕೊಡಗಿನಲ್ಲಿ ಹೋಮ್‌ಸ್ಟೇ ನಡೆಸುವವರಿಗೆ ಇದು ಗೊತ್ತಿರುವ ವಿಷಯ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಸಲ್ಲಿಸಲೇಬೇಕು (2025ರವರೆಗೆ ಅದು ಸಿ ಫಾರ್ಮ್ ಆಗಿತ್ತು), ಅಲ್ಲಿ ವಿವರ ಬೇಕಾಗುತ್ತದೆ. ಆದರೆ ಬರೀ ವಯಸ್ಸು ತಿಳಿಯಲು ಮಗುವಿನ ಕಾಗದದ ಪ್ರತಿ ಇಟ್ಟುಕೊಳ್ಳುವುದು ಅನಗತ್ಯ. ಪ್ರತಿ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಕೊಡಿ.

ಕೊನೆಯದು ಹೆಸರು. ನಮ್ಮಲ್ಲಿ ಮನೆಹೆಸರು ಮೊದಲು, ನಡುವೆ ತಂದೆಯ ಹೆಸರಿನ ಅಕ್ಷರ, ಆಮೇಲೆ ಸ್ವಂತ ಹೆಸರು. ಫೀಲ್ಡ್ ಮಾರ್ಷಲ್ ಕೊಡಂದೇರ ಎಂ. ಕಾರ್ಯಪ್ಪ ಎಂಬಂತೆ. ಪಾಸ್‌ಪೋರ್ಟಿನಲ್ಲಿ ಆ ಅಕ್ಷರವನ್ನು ಬಿಡಿಸಿ ಪೂರ್ತಿಯಾಗಿ ಬರೆಯಬೇಕು, ಮನೆಹೆಸರಿಗೂ ಸ್ವಂತ ಹೆಸರಿಗೂ ಬೇರೆ ಬೇರೆ ಸಾಲು. ಪ್ರವಾಸ ಕಾಯ್ದಿರಿಸುವಾಗ ಶಾಲೆಯ ದಾಖಲೆಯಲ್ಲಿರುವಂತೆ ಬರೆಯಬೇಡಿ. ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು, ಅದರಲ್ಲಿರುವ ಎರಡು ಸಾಲುಗಳನ್ನು ಅಕ್ಷರಕ್ಕೆ ಅಕ್ಷರ ಹಾಗೆಯೇ ತುಂಬಿ.